ಸತ್ತವರ ಪಟ್ಟಿಯಲ್ಲಿ ತ್ರಾಯಾನ್

ನಮ್ಮಪ್ಪ ತ್ರಾಯಾನ್ ಅಕ್ಟೋಬರಿನಲ್ಲಿ ಅಡುಗೆಮನೆಯ ಸೋಫಾದ ಮೇಲೆ ಮಲಗಿದವನು ಮಾರ್ಚ್ ಬಂದರೂ ಏಳಲಿಲ್ಲ. ಕಾಯಿಲೆಯೇನೂ ಇರಲಿಲ್ಲ. ತಟ್ಟೆ ಇಟ್ಟರೆ ಎದ್ದು ಕೂತು ತಿನ್ನುತ್ತಿದ್ದ, ತಿಂದು ಮತ್ತೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಇಪ್ಪತ್ತೇಳು ವರ್ಷ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತು ಯಂತ್ರದ ಮುಂದೆ ನಿಂತೇ ಕಳೆದವನು ನಲವತ್ತೊಂಬತ್ತಕ್ಕೆ ಹೀಗೆ ಮಲಗಿಬಿಟ್ಟ. ಮನೆಯಲ್ಲಿ ಆ ಚಳಿಗಾಲ ನಡೆದ ಜಗಳಗಳೆಲ್ಲ ಒಂದೇ ವಿಷಯಕ್ಕೆ: ಅಪ್ಪನನ್ನು ಎಬ್ಬಿಸುವುದು ಹೇಗೆ.

ಕಾರ್ಖಾನೆಯವರು ಕೊಟ್ಟ ಕಾಗದದಲ್ಲಿ ಕೆಲಸದಿಂದ ತೆಗೆದಿದ್ದೇವೆ ಎಂದು ಎಲ್ಲೂ ಇರಲಿಲ್ಲ. ‘ತಮ್ಮನ್ನು ಲಭ್ಯಗೊಳಿಸಲಾಗಿದೆ’ ಎಂದಿತ್ತು. ಆಗ ಬುಕಾರೆಸ್ಟಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ನಮ್ಮ ಬಡಾವಣೆಯಲ್ಲಂತೂ ಮಹಡಿಗೆ ಇಬ್ಬರಾದರೂ ಲಭ್ಯರಾಗಿದ್ದರು.

“ಲಭ್ಯ ಅಂದ್ರೆ ಏನೋ?” ಅಂತ ಅಪ್ಪನ ತಾಯಿ, ನಮ್ಮಜ್ಜಿ ಅಗ್ಲಾಯಾ, ನನ್ನ ತಮ್ಮನನ್ನು ಕೇಳಿದ್ದಳು.

“ಅಂಗಡೀಲಿ ಸಕ್ಕರೆ ಲಭ್ಯ ಇದೆ ಅಂತಾರಲ್ಲ ಅಜ್ಜಿ, ಹಾಗೆ. ಅಪ್ಪ ಈಗ ಯಾರಿಗೆ ಬೇಕಾದ್ರೂ ಸಿಗ್ತಾನೆ.”

“ಮತ್ತೆ ಯಾರೂ ಬರ್ಲಿಲ್ವಲ್ಲೋ ತಗೊಳ್ಳೋಕೆ?”

“ಸಕ್ಕರೆಗಾದ್ರೆ ಬರ್ತಿದ್ರು.”

ನನ್ನ ತಮ್ಮ ಚೆಜಾರ್‌ಗೆ ಇಪ್ಪತ್ತೊಂದು. ಬಾಯಿ ಚುರುಕು, ಕೈ ಸೋಮಾರಿ. ಇಬ್ಬರು ಹಿಡಿಸುವಷ್ಟು ದೊಗಳೆ ಪ್ಯಾಂಟು ಹಾಕಿಕೊಂಡು ರ‍್ಯಾಪ್ ಹಾಡು ಬರೆಯುತ್ತಿದ್ದ. ಪಕ್ಕದ ಕಟ್ಟಡದ ಜೀಕು ಎಂಬುವನ ಬಾಲ್ಕನಿಗೆ ಗಾಜು ಹಾಕಿ, ಒಳಗೆ ರಜಾಯಿಗಳನ್ನು ನೇತುಹಾಕಿ, ಅದನ್ನೇ ಸ್ಟುಡಿಯೊ ಎಂದು ಕರೆಯುತ್ತಿದ್ದರು. ಬಡಾವಣೆಯ ಹುಡುಗರೆಲ್ಲ ಆಗ ಕೊಲೆಗಡುಕರ ಹಾಗೆ ಹಾಡುತ್ತಿದ್ದರು. ನಮ್ಮವನು ಕೋಳಿ ಕುಯ್ಯುವುದನ್ನು ನೋಡಿದರೂ ಮುಖ ತಿರುಗಿಸುವವನು.

“ಬೈಗುಳಕ್ಕೆ ತಾಳ ಬೇರೆ ಹಾಕ್ತೀರಲ್ಲೋ. ನಿನ್ನ ತಾತ ತಾಳ ಇಲ್ದೇನೇ ಚೆನ್ನಾಗಿ ಬೈತಿದ್ದ” ಎನ್ನುತ್ತಿದ್ದಳು ಅಜ್ಜಿ.

“ತಾತ ಎತ್ತಿಗೆ ಬೈತಿದ್ದ ಅಜ್ಜಿ. ನಾವು ಮಂತ್ರಿಗಳಿಗೆ ಬೈತೀವಿ.”

“ಎತ್ತಾದ್ರೂ ಮಾತು ಕೇಳ್ತಿತ್ತು.”

ಅಮ್ಮ ಸಾಂದಾಳಿಗೆ ಇಂಥ ಹಾಸ್ಯಕ್ಕೆಲ್ಲ ಪುರುಸೊತ್ತಿರಲಿಲ್ಲ. ಇಟಲಿಯವರಿಗೆ ಅಂಗಿ ಹೊಲಿದು ಕಳಿಸುವ ಕಡೆ ಹತ್ತು ಗಂಟೆ ಕಾಲರ್ ಕೂರಿಸಿ ಬಂದು, ಕೋಟು ಕೂಡ ಬಿಚ್ಚದೆ ಆಲೂಗಡ್ಡೆ ಸುಲಿಯಲು ನಿಲ್ಲುತ್ತಿದ್ದಳು. ಅಪ್ಪನ ಬೆನ್ನು ಅವಳ ಮೊಣಕೈಗೆ ತಾಕುವಷ್ಟು ಹತ್ತಿರದಲ್ಲಿರುತ್ತಿತ್ತು, ನಮ್ಮ ಅಡುಗೆಮನೆ ಅಷ್ಟೇ ಅಗಲ.

“ತ್ರಾಯಾನ್, ಎದ್ದು ಒಂದು ಆಲೂಗಡ್ಡೆ ಸುಲಿದ್ರೆ ನಿನ್ನ ಕೈ ಸವೆದುಹೋಗುತ್ತಾ?”

ಬೆನ್ನು ಗೋಡೆಗೆ ಇನ್ನಷ್ಟು ಹತ್ತಿರ ಸರಿಯುತ್ತಿತ್ತು.

“ನಾರ್ಚಿಸಾ ನಿಂಗೋಸ್ಕರ ವಾಚ್‌ಮನ್ ಕೆಲಸ ಕೇಳ್ಕೊಂಡು ಬಂದ್ಲು. ಅದಕ್ಕೂ ಹೋಗ್ಲಿಲ್ಲ.”

ನಾರ್ಚಿಸಾ ಅಂದರೆ ನಾನು. ಟ್ರ್ಯಾಮ್ ನಿಲ್ದಾಣದ ಬ್ರೆಡ್ ಗೂಡಂಗಡಿಯಲ್ಲಿ ಕೂರುತ್ತೇನೆ. ಗಿರಾಕಿಯೊಬ್ಬನ ಕೈಕಾಲು ಹಿಡಿದು ಆ ಕೆಲಸ ಹುಡುಕಿದ್ದೆ. ‘ನೋಡೋಣ’ ಎಂದ ಅಪ್ಪ, ಆಮೇಲೆ ಗೋಡೆಯನ್ನೇ ನೋಡಿದ. ನನಗೆ ಎಷ್ಟು ಸಿಟ್ಟು ಬಂತೆಂದರೆ ಒಂದು ವಾರ ಅವನ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕುತ್ತಿದ್ದೆ.

ಚೆಜಾರ್ ಹೊಸ ಹಾಡು ಕಟ್ಟಿದ್ದು ಆಗಲೇ. ಅದರಲ್ಲಿ ಪಿಸ್ತೂಲು ಬೇಕು ಎಂದನಂತೆ ಜೀಕು. “ನಮ್ಮ ಕಟ್ಟಡದಲ್ಲಿ ಯಾರು ಗುಂಡೇಟಿಗೆ ಸತ್ರು ಹೇಳು?” ಎಂದು ಇವನು ಜಗಳ ಮಾಡಿಕೊಂಡು ಬಂದಿದ್ದ. ಅವನ ಯೋಚನೆಯೇ ಬೇರೆ. ಪಾದ್ರಿ ಪ್ರಾರ್ಥನೆಯಲ್ಲಿ ಓದಲೆಂದು ಇಗರ್ಜಿಗೆ ಒಯ್ಯುವ ಹೆಸರಿನ ಚೀಟಿಯ ಹಾಗೆ ಹಾಡನ್ನು ಬರೆಯಬೇಕು. ಮೇಲೆ ಒಂದು ಶಿಲುಬೆ, ಕೆಳಗೆ ‘ಸತ್ತವರು’, ಅದರ ಕೆಳಗೆ ನಮ್ಮ ಕಟ್ಟಡದವರ ಹೆಸರು. ಎಲ್ಲರೂ ಬದುಕಿರುವವರೇ. ತ್ರಾಯಾನ್, ನಮ್ಮಪ್ಪ. ವಿಕೆಂಟಿಯೆ, ಮೂರನೇ ಮಹಡಿಯವನು, ಅಪ್ಪನ ಜೊತೆಗೇ ಲಭ್ಯನಾಗಿ ಈಗ ಬೆಳಿಗ್ಗೆಯಿಂದಲೇ ಕುಡಿಯುವವನು. ಲೆಯೊಂತಿನಾ, ಇಟಲಿಯಲ್ಲಿ ಯಾರದೋ ತಾಯಿಯ ಮಲಮೂತ್ರ ಬಳಿಯಲು ಹೋದವಳು, ಇಲ್ಲಿ ಅವಳ ಸ್ವಂತ ತಾಯಿ ಸಾಫ್ತಾ ಒಬ್ಬಳೇ. ರೇಲು, ಹದಿನೇಳು ವರ್ಷ, ನೆಲಮಾಳಿಗೆಯಲ್ಲಿ ಸೂಜಿ ಚುಚ್ಚಿಕೊಳ್ಳುವವನು. ಹಾಳೆಯ ಮುಂದೆ ಈ ಹೆಸರುಗಳು, ಹಿಂದೆ ಒಬ್ಬೊಬ್ಬರಿಗೂ ನಾಲ್ಕು ಸಾಲು.

ಮಾರ್ಚ್ ಮೊದಲ ಶನಿವಾರ ಸತ್ತವರ ಶನಿವಾರ, ಇಗರ್ಜಿಯಲ್ಲಿ ಸತ್ತವರ ಹೆಸರು ಓದಿಸುವ ದಿನ. ಹಿಂದಿನ ದಿನ ಅಜ್ಜಿ ಗೋಧಿ ಬೇಯಿಸಿ, ಸಕ್ಕರೆ ಅಕ್ರೋಟು ಬೆರೆಸಿ, ಸತ್ತವರಿಗೆಂದು ಹಂಚುವ ಕೊಲಿವಾ ಮಾಡಿ ತಟ್ಟೆಗೆ ತಟ್ಟಿದಳು. ಅವಳ ಹಳೆಯ ಚೀಟಿ ಮಡಿಕೆಯಲ್ಲಿ ಹರಿದಿತ್ತು. ಕಣ್ಣಿಗೆ ಪೊರೆ ಬಂದು ಅವಳಿಗೆ ಓದಲಾಗದು.

“ಚೆಜಾರ್, ನಿನ್ನ ಅಕ್ಷರ ಚೆನ್ನಾಗಿದೆ, ಇದನ್ನ ಹೊಸದಾಗಿ ಬರ್ಕೊಡೋ. ನಿನ್ನ ತಾತ ಗೆರಾಸಿಮ್ ಹೆಸರು ಮೊದಲು.”

ಬರೆದುಕೊಟ್ಟ. ಅದೇ ನೋಟ್‌ಪುಸ್ತಕದ ಹಾಳೆ, ಮೇಲೆ ಅದೇ ಶಿಲುಬೆ. ಬರೆದು ಫ್ರಿಜ್ಜಿನ ಮೇಲಿಟ್ಟ. ಫ್ರಿಜ್ಜಿನ ಮೇಲೆ ಅವನ ಹಾಡೂ ಇತ್ತು.

ಬೆಳಿಗ್ಗೆ ಅಜ್ಜಿಯ ಜೊತೆ ಕೊಲಿವಾ ತಟ್ಟೆ ಹೊತ್ತುಕೊಂಡು ನಾನೂ ಹೋದೆ. ಇಗರ್ಜಿ ತುಂಬ ಮುದುಕಿಯರು, ಉದ್ದನೆಯ ಮೇಜಿನ ಮೇಲೆ ತಟ್ಟೆಗಳು, ತಟ್ಟೆಗೊಂದು ಮೇಣದ ಬತ್ತಿ. ಪಾದ್ರಿ ಚೀಟಿಗಳ ಕಂತೆ ಹಿಡಿದು ಒಂದೇ ಉಸಿರಿನಲ್ಲಿ ಹೆಸರುಗಳನ್ನು ರಾಗವಾಗಿ ಓದಿಕೊಂಡು ಹೋಗುತ್ತಿದ್ದ. ಅಜ್ಜಿ ಗೆರಾಸಿಮ್ ಹೆಸರಿಗಾಗಿ ಕಿವಿ ಇಟ್ಟು ನಿಂತಿದ್ದಳು.

“ತ್ರಾಯಾನ್, ವಿಕೆಂಟಿಯೆ, ಲೆಯೊಂತಿನಾ, ರೇಲು...”

ನನ್ನ ಕೈಯಲ್ಲಿದ್ದ ಬತ್ತಿಯ ಮೇಣ ಬೆರಳಿನ ಮೇಲೆ ಬಿದ್ದಿತು. ಹೆಸರು ಇಷ್ಟೇ ಇವೆಯಲ್ಲ ಎಂದುಕೊಂಡನೋ ಏನೋ, ಪಾದ್ರಿ ಹಾಳೆ ತಿರುಗಿಸಿ ಅದೇ ರಾಗದಲ್ಲಿ ಮುಂದುವರಿದ:

“ತ್ರಾಯಾನ್, ಲೇತು ಕೆಲಸದವ, ಅಕ್ಟೋಬರಿನಲ್ಲಿ ಸತ್ತ, ಹೆಣ ಅಡುಗೆಮನೆಯಲ್ಲಿದೆ, ಸಾರು ಬಡಿಸಿದರೆ ಎದ್ದು ಕೂರುತ್ತದೆ, ಇದಕ್ಕೆ ಸಹಿ ಹಾಕಿದ ಮಂತ್ರಿಯ ತಾಯಿ...”

ಮುಂದಿನ ಮಾತಿನ ಮೊದಲ ಅಕ್ಷರದಲ್ಲಿ ಪಾದ್ರಿ ನಿಂತ. ಇಡೀ ಇಗರ್ಜಿ ನಿಂತಿತು. ಅಷ್ಟು ಹೊತ್ತು ತೂಕಡಿಸುತ್ತಿದ್ದ ಮುದುಕಿಯೊಬ್ಬಳು ಅಭ್ಯಾಸಬಲದಿಂದ “ದೇವರು ಅವನನ್ನ ಕ್ಷಮಿಸಲಿ” ಎಂದಳು.

ಬೇರೆ ದಿನವಾಗಿದ್ದರೆ ನಾನು ನಕ್ಕು ಸಾಯುತ್ತಿದ್ದೆ. ಅಜ್ಜಿಯ ಮುಖ ನೋಡಿ ನಗು ಬರಲಿಲ್ಲ. ಬದುಕಿರುವವರ ಹೆಸರನ್ನು ಸತ್ತವರ ಜೊತೆ ಓದಿಸುವುದೆಂದರೆ ನಮ್ಮಲ್ಲಿ ಮಾಟ ಮಾಡಿಸಿದ ಹಾಗೆ. ಆಗದವರು ದುಡ್ಡು ಕೊಟ್ಟು ಮಾಡಿಸುತ್ತಾರೆಂದು ಕೇಳಿದ್ದೇವೆ. ಇವಳು ಹೆತ್ತ ಮಗನಿಗೇ ಮಾಡಿಸಿದಂತಾಯಿತು, ಅದೂ ತನ್ನ ಕೈಯಾರೆ ಚೀಟಿ ಕೊಟ್ಟು.

ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅಮ್ಮ ಚೆಜಾರ್‌ನನ್ನು ಒದ್ದೆ ಬಟ್ಟೆಯಲ್ಲಿ ಬಾರಿಸುತ್ತಿದ್ದಳು. ಬಾಗಿಲಲ್ಲಿ ಲೆಯೊಂತಿನಾಳ ತಾಯಿ ಸಾಫ್ತಾ.

“ನನ್ನ ಮಗಳು ಅಲ್ಲಿ ಒಬ್ಬಳೇ ಇದಾಳೆ ಸಾಂದಾ! ಫೋನ್ ಬಂದು ಹದಿನೈದು ದಿನ ಆಯ್ತು. ಅವಳಿಗೇನಾದ್ರೂ ಆದ್ರೆ ನಿನ್ನ ಮಗನ ನಾಲಿಗೆ ಕಿತ್ತುಹಾಕ್ತೀನಿ.”

“ನಾನೇ ಕಿತ್ತು ಕೊಡ್ತೀನಿ ಬಾರೆ, ತಗೊಂಡು ಹೋಗು” ಎಂದಳು ಅಮ್ಮ, ಇನ್ನೊಂದು ಏಟು ಹಾಕುತ್ತ.

ಸಾಫ್ತಾಳ ಹಿಂದೆಯೇ ವಿಕೆಂಟಿಯೆ ಬಂದ. ಅವನಿಗೆ ಭಾರಿ ಖುಷಿ. “ನನ್ನ ಸಾಲು ಓದ್ಲಿಲ್ವಂತಲ್ಲ ಪಾದ್ರಿ? ಏನು ಬರ್ದಿದ್ಯೋ ನನ್ನ ಬಗ್ಗೆ?”

“ಮನೆಗೆ ಹೋಗಿ ಮಾಮ” ಎಂದೆ ನಾನು.

“ಹೋಗ್ತೀನಮ್ಮ. ಸತ್ತವನಿಗೆ ಒಂದು ಲೋಟ ಹಾಕೋದು ಪದ್ಧತಿ ಅಲ್ವಾ ಅಂತ ಬಂದೆ.”

ಅಷ್ಟರಲ್ಲಿ ಸೋಫಾದ ಕಡೆಯಿಂದ ಮಾತು ಬಂತು. ವಾರಗಳಿಂದ ಕೇಳದ ದನಿಯಾದ್ದರಿಂದ ಎಲ್ಲರೂ ಅತ್ತ ತಿರುಗಿದೆವು.

“ಹುಡುಗ ತಪ್ಪೇನೂ ಬರೆದಿಲ್ಲ. ಬಿಡಿ ಅವನನ್ನ” ಎಂದ ಅಪ್ಪ, ಗೋಡೆಗೆ.

ಅಮ್ಮನ ಏಟಿಗೆಲ್ಲ ನಗುತ್ತಿದ್ದ ಚೆಜಾರ್‌ನ ಮುಖ ಈ ಮಾತಿಗೆ ಬಿಳುಚಿಕೊಂಡಿತು.

“ತಪ್ಪಿಲ್ಲ ಅಂತೀಯಾ? ನಿನ್ನನ್ನ ಹೆಣ ಅಂದಿದೀನಿ ಅಪ್ಪಾ! ನೀನು ಎದ್ದು ನನ್ನ ಕೆನ್ನೆಗೆ ಬಾರಿಸ್ಲಿ ಅಂತ ಬರ್ದಿದ್ದು ಅದನ್ನ.”

“ಬಾರಿಸೋಕೆ ಎದ್ದೇಳ್ಬೇಕಲ್ಲ” ಎಂದ ಅಪ್ಪ.

ಪಾದ್ರಿಯೇನೋ ದೊಡ್ಡ ಮನಸ್ಸು ಮಾಡಿದ. ಮಾರನೆಯ ದಿನ ಬದುಕಿರುವವರ ಜೊತೆ ಆ ನಾಲ್ಕೂ ಹೆಸರು ಓದಿ, “ದೇವರು ಗುಮಾಸ್ತ ಅಲ್ಲಮ್ಮ, ಕಾಗದದ ತಪ್ಪನ್ನ ಲೆಕ್ಕಕ್ಕಿಡಲ್ಲ” ಎಂದು ಅಜ್ಜಿಯನ್ನು ಸಮಾಧಾನ ಮಾಡಿ ಕಳಿಸಿದ. ಅಜ್ಜಿಗೆ ಸಮಾಧಾನವಾಗಲಿಲ್ಲ. “ಗುಮಾಸ್ತ ಆಗಿದ್ರೇ ಚೆನ್ನಾಗಿತ್ತು. ಕೋಳಿನೋ ಕಾಫಿಪುಡಿನೋ ಕೊಟ್ಟು ತಿದ್ದಿಸ್ಬಹುದಿತ್ತು” ಎಂದಳು.

ಇತ್ತ ಜೀಕು ಬಿಡಲಿಲ್ಲ. ಪಾದ್ರಿಯೇ ಹಾಡಿದ ಮೇಲೆ ನಾವು ಹಾಡದಿದ್ದರೆ ಹೇಗೆ ಎಂದ. ಅಪ್ಪನ ಸಾಲು ತೆಗೆಯುತ್ತೇನೆ ಎಂದು ಚೆಜಾರ್ ಎರಡು ದಿನ ಹೇಳಿಕೊಂಡು ತಿರುಗಿ, ಮೂರನೇ ದಿನ ತೆಗೆಯದೆಯೇ ಹಾಡಿದ. ತಪ್ಪಿಲ್ಲ ಎಂದು ಅಪ್ಪನೇ ಹೇಳಿದನಲ್ಲ ಎಂಬ ನೆವ ಸಿಕ್ಕಿತ್ತು. ಆ ಬೈಗುಳ ಇಟ್ಟುಕೊಂಡು ರೇಡಿಯೊದಲ್ಲಿ ಬರುವ ಹಾಡಲ್ಲ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿದು ಹತ್ತೇ ದಿನಕ್ಕೆ ಟ್ರ್ಯಾಮ್ ದಾರಿಯುದ್ದಕ್ಕೂ ಹಬ್ಬಿತು. ನನ್ನ ಗೂಡಂಗಡಿಯ ಮುಂದೆ ಬ್ರೆಡ್ಡಿಗೆ ನಿಂತ ಹುಡುಗರು ‘ಹೆಣ ಅಡುಗೆಮನೆಯಲ್ಲಿದೆ’ ಎಂದು ತಲೆಯಾಡಿಸುತ್ತಿದ್ದರು. ಒಬ್ಬ ಗಂಡಸು, ನಮ್ಮಪ್ಪನ ವಯಸ್ಸಿನವನು, ಚಿಲ್ಲರೆ ಎಣಿಸುತ್ತ, “ಇದನ್ನ ಬರ್ದೋನಿಗೆ ನಮ್ಮನೆ ಹೇಗೆ ಗೊತ್ತಾಯ್ತು?” ಎಂದು ಕೇಳಿದ. ನನ್ನ ತಮ್ಮ ಎಂದು ಹೇಳಲು ಬಾಯಿ ಬರಲಿಲ್ಲ. ಹೆಮ್ಮೆಯಾಗಿತ್ತು, ಹೇಸಿಗೆಯೂ ಆಗಿತ್ತು.

ಅಮ್ಮನಿಗೆ ಹೊಲಿಗೆಯ ಕಡೆ ತಲೆ ಎತ್ತುವಂತಿರಲಿಲ್ಲ. “‘ಸಾಂದಾ, ನಿನ್ನ ಗಂಡನ ತಿಥಿ ಯಾವಾಗ್ಲೇ’ ಅಂತ ಕೇಳ್ತಾರೆ” ಎನ್ನುತ್ತ ಬಂದು, ಹುರುಳಿಕಾಯಿ ಸಾರಿನ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದಳು. ಈಸ್ಟರಿಗೆ ಮುಂಚಿನ, ಮಾಂಸ ಮುಟ್ಟದ ಉಪವಾಸದ ದಿನಗಳು ಶುರುವಾಗಿದ್ದವು. ನಮಗೆ ಅದರಿಂದ ಹೆಚ್ಚಿನ ವ್ಯತ್ಯಾಸವೇನೂ ಆಗಲಿಲ್ಲ, ಮಾಂಸ ಮೊದಲೇ ಇರಲಿಲ್ಲ.

ಒಂದು ಸಂಜೆ ಅಜ್ಜಿ ಅಡುಗೆಮನೆಯಲ್ಲಿ ನನ್ನ ಮುಂದೆ ಹೊಸ ಹಾಳೆ ಇಟ್ಟಳು. ಚೆಜಾರ್‌ನನ್ನು ನಂಬುವುದನ್ನು ಬಿಟ್ಟಿದ್ದಳು.

“ಶಿಲುಬೆ ಹಾಕೇ. ಬದುಕಿರೋರು ಅಂತ ಬರಿ. ತ್ರಾಯಾನ್. ದೊಡ್ಡದಾಗಿ ಬರಿ, ಕಾಣ್ಬೇಕು. ಸಾಂದಾ, ನಾರ್ಚಿಸಾ, ಚೆಜಾರ್.”

ಬರೆದೆ.

“ಈ ಕಡೆ ಸತ್ತವರು. ಗೆರಾಸಿಮ್. ನನ್ನ ಅಪ್ಪ ಅಮ್ಮ. ಆಮೇಲೆ ಅಗ್ಲಾಯಾ.”

“ಅದು ನಿನ್ನ ಹೆಸರು ಅಜ್ಜಿ.”

“ನನ್ನ ಹೆಸರು ನಂಗೆ ಮರ್ತುಹೋಗಿದೆ ಅಂದ್ಕೊಂಡ್ಯಾ? ಬರಿ.”

“ನಾನು ಬರೆಯಲ್ಲ.”

“ಅವರು ಅಲ್ಲಿ ನಮ್ಮನೆಯಿಂದ ಒಬ್ಬನ್ನ ಕೂಗಿ ಆಗಿದೆ ಕಣೇ. ಕೂಗಿದ ಮೇಲೆ ಯಾರಾದ್ರೂ ಹೋಗ್ಬೇಕಲ್ಲ. ನಾನು ಹೋಗ್ತೀನಿ. ತ್ರಾಯಾನ್ ಬದುಕಿರೋರ ಕಡೆ ಉಳೀಲಿ. ಎಪ್ಪತ್ತಾರು ಆಯ್ತು, ನಂಗೇನು ಅಲ್ಲಿ ಗೊತ್ತಿರೋರು ಕಮ್ಮಿ ಇದಾರಾ?”

ನಾನು ಅಳುತ್ತಲೇ ಬರೆದೆ. ಬರೆಯದಿದ್ದರೆ ಬೀದಿಯಲ್ಲಿ ಹೋಗುವ ಯಾರ ಕೈಯಲ್ಲಾದರೂ ಬರೆಸುವ ಹೆಂಗಸು ಅವಳು. ಎರಡು ಮೊಳ ದೂರದಲ್ಲಿ ಅಪ್ಪನ ಬೆನ್ನು ಅಲುಗಾಡಲಿಲ್ಲ. ನಿದ್ದೆ ಹೋಗಿದ್ದಾನೆಯೇ ಎಂದು ನೋಡಿದೆ. ಕಣ್ಣು ತೆರೆದೇ ಇದ್ದವು.

ಮರುದಿನ ಬೆಳಿಗ್ಗೆ ಸ್ನಾನದ ಮನೆಯಲ್ಲಿ ನಲ್ಲಿ ಓಡುವ ಸದ್ದು ಕೇಳಿ ಎಚ್ಚರವಾಯಿತು. ಅಪ್ಪ ಗಡ್ಡ ಹೆರೆಯುತ್ತಿದ್ದ. ಐದು ತಿಂಗಳ ಗಡ್ಡವನ್ನು ಮೊದಲು ಕತ್ತರಿಯಿಂದ ತೆಗೆದು, ಆಮೇಲೆ ಬ್ಲೇಡು. ಹೊರಗೆ ಬಂದಾಗ ಕೆನ್ನೆ ಮಗುವಿನ ಹಾಗೆ ಬೆಳ್ಳಗೆ ಕಂಡಿತು. “ಬರ್ತೀನಿ” ಎಂದು ಹೋದವನು ಸಂಜೆ ಬಂದ. ಬಟ್ಟೆಯೆಲ್ಲ ಸುಟ್ಟ ಕಬ್ಬಿಣದ ವಾಸನೆ.

“ಎಲ್ಲಿ ಕೆಲಸ?” ಎಂದಳು ಅಮ್ಮ.

“ಒಬ್ಬ ಗುತ್ತಿಗೆದಾರನ ಹತ್ರ. ಕಬ್ಬಿಣದ ಕೆಲಸ.”

ಅದಕ್ಕಿಂತ ಹೆಚ್ಚು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಎಲ್ಲಿ ಮತ್ತೆ ಮಲಗಿಬಿಡುತ್ತಾನೋ ಎಂಬ ಹೆದರಿಕೆ. ಭಾನುವಾರ ಅಮ್ಮ ಉಪವಾಸವನ್ನೂ ಲೆಕ್ಕಿಸದೆ ಮಾಂಸ ತಂದು, ಎಲೆಕೋಸಿನ ಎಲೆಗಳಲ್ಲಿ ಸುತ್ತಿ ಬೇಯಿಸಿದಳು. ಅಜ್ಜಿ ಗೊಣಗುತ್ತಾಳೆ ಎಂದುಕೊಂಡಿದ್ದೆವು. ಅವಳು ತಾನು ಬರಿ ಎಲೆಕೋಸು ತಿಂದು, “ದುಡಿಯೋ ಗಂಡಸು, ತಿನ್ಲಿ. ಪಾಪ ನನ್ನ ಲೆಕ್ಕಕ್ಕೆ ಬರ್ಲಿ” ಎಂದಳು.

ಆಮೇಲೆ ಎರಡು ವಾರ ಮನೆ ಮನೆಯಂತಿತ್ತು. ಅಪ್ಪನನ್ನು ಎಬ್ಬಿಸಿದವರು ಯಾರು ಎಂಬುದೊಂದೇ ಜಗಳ. ಹಾಡು ಎಬ್ಬಿಸಿತು ಎಂದ ಚೆಜಾರ್. ಚೀಟಿ ಎಂದಳು ಅಜ್ಜಿ. “ಇಪ್ಪತ್ತೈದು ವರ್ಷ ನಾನು ಅರಚಿದ್ದು ಯಾರ ಲೆಕ್ಕಕ್ಕೂ ಇಲ್ಲ ಅಲ್ವಾ?” ಎಂದಳು ಅಮ್ಮ, ನಗುತ್ತ. ಅಮ್ಮ ನಕ್ಕು ಬಹಳ ದಿನವಾಗಿತ್ತು. ಅಪ್ಪ ಸುಮ್ಮನೆ ಕೈ ತೊಳೆದುಕೊಳ್ಳುತ್ತಿದ್ದ. ಎಷ್ಟು ಉಜ್ಜಿದರೂ ಉಗುರಿನ ಕಪ್ಪು ಹೋಗುತ್ತಿರಲಿಲ್ಲ.

ಏಪ್ರಿಲ್ ನಡುವೆ ಒಂದು ಸಂಜೆ ಚೆಜಾರ್ ತಡವಾಗಿ ಊಟಕ್ಕೆ ಬಂದ. ಅಜ್ಜಿ ಕೋಣೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದಳು. ನಾವು ಮೂವರು ಮೇಜಿಗೆ ಕೂತಿದ್ದೆವು. ಅವನು ಕೂರಲಿಲ್ಲ.

“ಕಾರ್ಖಾನೆ ಬೇಲಿ ಹತ್ರ ಹೋಗಿದ್ದೆ. ಹಾಡಿಗೆ ಸದ್ದು ಬೇಕಾಗಿತ್ತು, ಟೇಪ್ ತಗೊಂಡು ಹೋಗಿದ್ದೆ.”

ಅಪ್ಪ ಚಮಚ ಕೆಳಗಿಟ್ಟ.

“ನೀನು ಕೆಲಸ ಮಾಡ್ತಿದ್ದ ಮೂರನೇ ಶೆಡ್ಡಿನ ಬಾಗಿಲು ತೆಗೆದಿತ್ತು. ಹೇಳು, ಅಮ್ಮಂಗೆ ನೀನೇ ಹೇಳು.”

“ಏನು?” ಎಂದಳು ಅಮ್ಮ.

“ಯಂತ್ರಗಳನ್ನ ಗುಜರಿಗೆ ಹಾಕ್ತಿದಾರೆ. ಲೇತುಗಳನ್ನೆಲ್ಲ ಗ್ಯಾಸಿಂದ ತುಂಡು ತುಂಡು ಮಾಡ್ತಿದಾರೆ. ತುಂಡು ಮಾಡ್ತಿರೋನು ಅಪ್ಪ.”

ಅಮ್ಮ ಅಪ್ಪನನ್ನು ನೋಡಿದಳು.

“ನಿನ್ನ ಲೇತು ಎಲ್ಲಿ?” ಎಂದ ಚೆಜಾರ್.

“ಅದನ್ನೇ ಮೊದಲು ಕುಯ್ದೆ.”

“ಹೇಗೆ ಮನಸ್ಸು ಬಂತು ನಿಂಗೆ? ಅದನ್ನ ಒರೆಸೋಕೆ ಅಂತ ಅಮ್ಮನ ಹಳೇ ಫ್ಲಾನೆಲ್ ಬಟ್ಟೆ ಎತ್ಕೊಂಡು ಹೋಗ್ತಿದ್ದೆ ನೀನು!”

“ಬೇರೆಯವರ ಕೈಗೆ ಕೊಡೋಕೆ ಮನಸ್ಸು ಬರ್ಲಿಲ್ಲ. ಆ ಹುಡುಗರು ಎಲ್ಲಿ ಬೇಕೋ ಅಲ್ಲಿ ಸುತ್ತಿಗೆ ಬೀಸ್ತಾರೆ. ನಂಗೆ ಗೊತ್ತು ಎಲ್ಲಿ ಕುಯ್ಬೇಕು ಅಂತ. ಗುತ್ತಿಗೆದಾರ ನನ್ನನ್ನ ತಗೊಂಡಿದ್ದೂ ಅದಕ್ಕೇ. ಒಳಗಿಂದ ಬಲ್ಲೋನು ಬೇಕು ಅಂದ.” ಕೆಳಗಿಟ್ಟ ಚಮಚವನ್ನು ನೇರ ಮಾಡುತ್ತ ಹೇಳಿದ, “ಜನವರಿಲೇ ಹೇಳಿ ಕಳಿಸಿದ್ದ. ನಾನೇ ಹೋಗಿರ್ಲಿಲ್ಲ.”

ಆಗ ನನಗೆ ಅರ್ಥವಾಯಿತು. ಜನವರಿಯಲ್ಲಿ ಆ ಕರೆ ಬಂದ ಮೇಲೂ ಅಪ್ಪ ಮಲಗಿದ್ದು ಸೋಮಾರಿತನಕ್ಕಲ್ಲ. ಎದ್ದರೆ ಇರುವುದು ಇದೊಂದೇ ಕೆಲಸ ಎಂದು ಗೊತ್ತಿದ್ದೂ ಏಳದೆ ಉಳಿದಿದ್ದ. ನಾವೆಲ್ಲ ಸೇರಿ, ಹಾಡಿ, ಬೈದು, ತಟ್ಟೆ ಕುಕ್ಕಿ, ಕೊನೆಗೆ ಮುದುಕಿಯ ಹೆಸರನ್ನೂ ಒತ್ತೆ ಇಟ್ಟು ಅವನನ್ನು ಅಲ್ಲಿಗೆ ಕಳಿಸಿದ್ದೆವು. ಕುಕ್ಕಿದ ತಟ್ಟೆಗಳು ನೆನಪಾಗಿ ನನಗೆ ತಲೆ ಎತ್ತಲಾಗಲಿಲ್ಲ.

“ನಾಳೆಯಿಂದ ಹೋಗ್ಬೇಡ” ಎಂದ ಚೆಜಾರ್. ಅವನ ದನಿಯಲ್ಲಿ ಈಗ ತಾಳವಿರಲಿಲ್ಲ.

“ನಲವತ್ತು ಲೇತು ಇವೆ. ಹನ್ನೊಂದು ಆಗಿದೆ” ಎಂದ ಅಪ್ಪ.

ಅಷ್ಟರಲ್ಲಿ ಕೋಣೆಯ ಬಾಗಿಲು ತೆಗೆದು ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು. ಅವಳಿಗೆ ಅರ್ಧಂಬರ್ಧ ಕೇಳಿಸಿತ್ತು.

“ಏನೋ ಕಾರ್ಖಾನೆ ಅಂದ್ರಲ್ಲ? ತ್ರಾಯಾನ್, ಕಾರ್ಖಾನೆಗೇ ಹೋಗ್ತಿದೀಯೇನೋ ಮಗಾ?”

ಅಪ್ಪ ಎದ್ದು ಅವಳ ಮೊಣಕೈ ಹಿಡಿದುಕೊಂಡ.

“ಹೌದಮ್ಮ” ಎಂದ ಅಪ್ಪ.

“ಮೂರನೇ ಶೆಡ್ಡಿಗೇನಾ? ನಿನ್ನ ಜಾಗಕ್ಕೇನಾ?”

“ಹೂಂ. ನನ್ನ ಜಾಗಕ್ಕೇ.”

ಅಜ್ಜಿ ಎದೆಯ ಮೇಲೆ ಶಿಲುಬೆ ಎಳೆದುಕೊಂಡಳು, ಒಂದಲ್ಲ, ಮೂರು ಸಲ. ಕಾಣದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಚೆಜಾರ್‌ನ ಕಡೆ ಕೈ ಚಾಚಿ ಅವನ ತೋಳು ಹುಡುಕಿ ಹಿಡಿದು ಕುಲುಕಿದಳು.

“ಕೇಳಿದ್ಯೇನೋ ತಲೆಹರಟೆ? ಮಂತ್ರಿಗಳ ತಾಯಂದಿರನ್ನೆಲ್ಲ ಬೈತಿದ್ಯಲ್ಲ? ನನ್ನ ಮಗನ್ನ ವಾಪಸ್ ತಗೊಂಡ್ರು ನೋಡು!”

ಚೆಜಾರ್ ಅಪ್ಪನ ಮುಖ ನೋಡಿದ. ಅಪ್ಪ ಸಣ್ಣದಾಗಿ ತಲೆಯಾಡಿಸಿದ, ಬೇಡ ಎನ್ನುವ ಹಾಗೆ.

“ಹೌದು ಅಜ್ಜಿ, ತಗೊಂಡ್ರು” ಎಂದ ಚೆಜಾರ್. ಹೇಳಿ ಕುರ್ಚಿ ಎಳೆದುಕೊಂಡು ಕೂತ. ಅಮ್ಮ ಅವನಿಗೂ ಸಾರು ಬಡಿಸಿದಳು.